ಸಾಹುಕಾರರು ಹಚ್ಚದ ಒಲೆ

ಪ್ರಶ್ನೆ ಇದ್ದದ್ದು ಎರಡು ಸಾವಿರ ರೂಪಾಯಿಯದು. ಗದಗಿನ ನಮ್ಮ ಓಣಿಯಲ್ಲಿ ಸಂಗನಬಸಪ್ಪ ಸಾಹುಕಾರರ ನಾಲ್ಕು ಬಾಡಿಗೆ ಮನೆಗಳಿವೆ. ಗ್ಯಾಸಿನ ಒಲೆ, ಪೈಪು ಅವರದೇ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ಹೊಣೆಯೂ ಅವರದೇ. ಆ ವರ್ಷ ಮೆಕ್ಯಾನಿಕ್ಕನ ನೆರಳೂ ಕಾಣಲಿಲ್ಲ. ಸಾಹುಕಾರರು ಮಾತ್ರ ಮನೆಗೆ ಐನೂರರಂತೆ ವಸೂಲಿಗೆ ಬಂದರು.

“ತಪಾಸಣಿ ಆಗೇತಿ. ಎಲ್ಲಾ ಗಟ್ಟಿ ಐತಿ. ರೊಕ್ಕ ಕೊಡ್ರಿ, ಇಲ್ಲಾ ಮನಿ ಬಿಡ್ರಿ.”

ರೊಟ್ಟಿ ಮಾರುವ ನೀಲವ್ವನ ಮನೆಯ ಪೈಪು ಸೀಳಿತ್ತು. ಹೆದರಿ ಆಕೆ ಮುಂಜಾನೆಯಿಂದ ಒಲೆ ಹಚ್ಚಿರಲಿಲ್ಲ. ಆದರೂ ಜಗಳಕ್ಕಿಳಿಯಲಿಲ್ಲ.

“ಕೊಡೂಣ್ರಿ ಸಾಹುಕಾರ್ರ. ಮೊದಲ ಚಹಾ ಕುಡೀರಿ.” ಅಡುಗೆಮನೆಗೆ ಕರೆದು ಅವರ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟಳು. “ತಪಾಸಣಿ ಮಾಡಿಸಿದ ಕೈಲೇ ಒಲಿ ಹಚ್ರಿ.”

ಸಾಹುಕಾರರು ಮೂಗು ಅರಳಿಸಿದರು. “ಏನೋ ವಾಸನಿ ಬರಾಕತ್ತೈತಲ್ಲವ್ವಾ?”

“ಗಟ್ಟಿ ಇದ್ದ ಪೈಪಿನ್ಯಾಗ ವಾಸನಿ ಹೆಂಗ ಬರ್ತೈತ್ರೀ? ಹಚ್ರಿ, ಹಚ್ರಿ.”

ಅವರು ಕಡ್ಡಿಪೆಟ್ಟಿಗೆಯನ್ನು ಆಕೆಯ ಕೈಗೇ ತುರುಕಿದರು. “ತಪಾಸಣಿಗೆ ಯಾರೂ ಬಂದಿಲ್ಲವ್ವಾ! ನಾಳೆ ನಾನ ಕರಕೊಂಡ ಬರ್ತೀನಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಹೊರಗೆ ಹಾರಿದರು.

ಓಣಿಯ ನನ್ನ ಕಿರಾಣಿ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ ನಾನೂ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ನೀಲವ್ವ ಪೆಟ್ಟಿಗೆ ತೆರೆದು ತೋರಿಸಿದಳು. ಒಳಗೆ ಒಂದು ಕಡ್ಡಿಯೂ ಇರಲಿಲ್ಲ. ಸಿಲಿಂಡರನ್ನು ಆಕೆ ಮುಂಜಾನೆಯೇ ಬಂದ್ ಮಾಡಿದ್ದಳು, ಕಿಟಕಿ ತೆರೆದಿತ್ತು. ವಾಸನೆ ಸಾಹುಕಾರರ ಮನಸ್ಸಿನದು! ಇಷ್ಟು ವರ್ಷ ಕಿರಾಣಿ ಮಾರಿದ್ದೇನೆ, ಖಾಲಿ ಪೆಟ್ಟಿಗೆಗೆ ಅಷ್ಟು ಬೆಲೆ ಕಟ್ಟಿಸಿದವರನ್ನು ಕಂಡಿರಲಿಲ್ಲ. ಕೈ ಮುಗಿದೆ.

ಮರುದಿನ ಮೆಕ್ಯಾನಿಕ್ ಬಂದ. ಬಂದ ಲಾಭ ಇಷ್ಟು: ನಾಲ್ಕು ಮನೆಗೆ ಹೊಸ ಪೈಪು, ಎರಡು ಸಾವಿರ ಬಾಡಿಗೆದಾರರ ಗಂಟಿನಲ್ಲೇ, ನೀಲವ್ವನ ಒಲೆಯ ಮೇಲೆ ಸಂಜೆಗೆ ಬಿಸಿ ರೊಟ್ಟಿ.