ಮೇಷ್ಟ್ರು ಹೆಣವಾದದ್ದು

ಪೊಲೀಸ್ ತರಬೇತಿ ಶಾಲೆಯಲ್ಲಿ ಕೊಲೆ ನಡೆದ ಜಾಗದ ತನಿಖೆ ಕಲಿಸುವಾಗ ಹೆಣವಾಗಿ ಮಲಗುವುದು ಜವಾನ ಚೆಲುವಯ್ಯನ ಕೆಲಸ. ಉಸಿರಾಡುವುದೂ ಕಾಣದ ಹಾಗೆ ಮಲಗುತ್ತಿದ್ದ. ನೋಡಲು ಬಂದವರೆಲ್ಲ, ಹಿಂದೊಮ್ಮೆ ಬಂದಿದ್ದ ಕಮಿಷನರ್ ಕೂಡ, ಅವನನ್ನೇ ಹೊಗಳುತ್ತಿದ್ದರು. ಗಂಟೆಗಟ್ಟಲೆ ಗಂಟಲು ಹರಿದುಕೊಂಡು ಪಾಠ ಹೇಳುವ ಇನ್‌ಸ್ಪೆಕ್ಟರ್ ಫಾಲಾಕ್ಷಪ್ಪನವರಿಗೆ ಹೊಟ್ಟೆ ಉರಿಯುತ್ತಿತ್ತು.

"ಇವತ್ತು ಕಮಿಷನರ್ ಬರ್ತಾರೆ. ಹೆಣ ನಾನೇ ಆಗ್ತೀನಿ. ಇನ್ಮೇಲೆ ನೀನು ಕಸ ಗುಡಿಸು, ಸಾಕು," ಎಂದು ಅವರೇ ನೆಲದ ಮೇಲೆ ಮಲಗಿದರು.

"ಆಗ್ಲಿ ಸಾರ್," ಎಂದ ಚೆಲುವಯ್ಯ.

ಕಮಿಷನರ್ ಗಂಧದ ಹಾರ ಹಿಡಿದೇ ಬಂದರು. "ಇದು ನಿಮ್ಮ ಮೇಷ್ಟ್ರಿಗೆ. ಎಲ್ಲಿ ಅವರು?"

ಫಾಲಾಕ್ಷಪ್ಪ ಏಳಲು ಹೊರಟರು. ಚೆಲುವಯ್ಯ ಓಡಿಬಂದ. "ಏಳಬೇಡಿ ಸಾರ್. ಮಹಜರು ಮುಗಿಯೋ ತನಕ ಹೆಣ ಅಲುಗಾಡಬಾರದು, ಅದರ ಮೇಲೆ ಏನೂ ಹಾಕಬಾರದು ಅಂತ ನೀವೇ ದಿನಾ ಹೇಳ್ತೀರಲ್ಲ."

"ಒಳ್ಳೆ ಪಾಠ," ಎಂದು ಕಮಿಷನರ್ ತಲೆದೂಗಿದರು. ಅವರಿಗೆ ಹೊರಡುವ ಅವಸರ. "ಅವರ ಪರವಾಗಿ ನೀನೇ ಹಾಕಿಸ್ಕೋ," ಎಂದು ಹಾರವನ್ನು ಚೆಲುವಯ್ಯನ ಕೊರಳಿಗೆ ಹಾಕಿದರು. ತರಬೇತಿಯ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ಫಾಲಾಕ್ಷಪ್ಪನವರಿಗೆ ತಡೆಯಲಾಗಲಿಲ್ಲ. ಒಂದು ಕಣ್ಣು ತೆರೆದು ಹಾರವನ್ನೇ ದುರುಗುಟ್ಟಿ ನೋಡಿದರು.

ಬಾಗಿಲ ತನಕ ಹೋಗಿದ್ದ ಕಮಿಷನರ್ ತಿರುಗಿ ನೋಡಿದರು. "ಪಾಠ ಚೆನ್ನಾಗಿದೆ. ಹೆಣ ಮಾತ್ರ ಸರಿಯಿಲ್ಲ," ಎಂದರು. "ನಾಳೆಯಿಂದ ಹಳಬನನ್ನೇ ಮಲಗಿಸಿ."