ಅಮಲ್ದಾರರು ಕುಡಿದ ಸೂಪು

ಸೊಪ್ಪು ತಿನ್ನಿ ಎಂದು ವೈದ್ಯರು ಹೇಳಿ ತಿಂಗಳಾಗಿತ್ತು. ನಿವೃತ್ತ ಅಮಲ್ದಾರ ರುದ್ರಮುನಿಯಪ್ಪನವರು ಮಾತ್ರ ಸೊಪ್ಪು ಕಂಡರೆ ಮೂಗು ಮುರಿಯುತ್ತಿದ್ದರು. ಅಡುಗೆಯ ಚೆನ್ನಾಜಮ್ಮ ಅಂದು ಬಡಿಸಿದ ದಂಟಿನ ಸೊಪ್ಪನ್ನೂ ತಳ್ಳಿದರು.

"ಇದು ದನದ ಮೇವು, ಹಸುವಿಗೆ ಹಾಕು. ನಾಳೆ ಗೆಳೆಯರು ಬರ್ತಾರೆ. ಕ್ಲಬ್ಬಿನಲ್ಲಿ ಕೊಡೋವಂಥ ಸೂಪು ಮಾಡು. ಆಗದಿದ್ದರೆ ಗಂಟುಮೂಟೆ ಕಟ್ಟು."

ಚೆನ್ನಾಜಮ್ಮ ಸೂಪನ್ನು ಕಣ್ಣಲ್ಲೂ ಕಂಡವಳಲ್ಲ. ಆದರೆ ಅಮಲ್ದಾರರನ್ನು ಹನ್ನೆರಡು ವರ್ಷದಿಂದ ಕಂಡಿದ್ದಳು. ಮರುದಿನ ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ನೀರು ಬಸಿದಳು. ಅದಕ್ಕೆ ಒಂದಿಷ್ಟು ಸೊಪ್ಪನ್ನೇ ನುಣ್ಣಗೆ ರುಬ್ಬಿ ಬೆರೆಸಿ, ಬೆಳ್ಳುಳ್ಳಿ, ಮೆಣಸು ಹಾಕಿ ಕುದಿಸಿದಳು. ಮನೆಮನೆಯಲ್ಲೂ ಮಾಡುವ ಬಸ್ಸಾರೇ ಅದು. ಪಿಂಗಾಣಿ ಬಟ್ಟಲಿಗೆ ಸುರಿದು, ಪಕ್ಕದಲ್ಲೊಂದು ಚಮಚ ಇಟ್ಟಳು.

ಅಮಲ್ದಾರರು ಮೂರು ಬಟ್ಟಲು ಕುಡಿದರು. "ನೋಡಿದಿರಾ, ಗದರಿದರೆ ಎಲ್ಲಾ ಬರುತ್ತೆ ಇವರಿಗೆ" ಎಂದು ಗೆಳೆಯರೆದುರು ಬೀಗಿದರು. "ಏನೇನು ಹಾಕಿದೆ, ಹೇಳು" ಎನ್ನುತ್ತಾ ನಾಲ್ಕನೆಯದಕ್ಕೂ ಚಮಚ ಅದ್ದಿದರು.

"ನಿನ್ನೆ ಹಸುವಿಗೆ ಹಾಕಿಸಿದಿರಲ್ಲ ಬುದ್ಧೀ, ಅದೇ ದಂಟಿನ ಸೊಪ್ಪು. ಹಸು ಚಮಚ ಕೇಳಲಿಲ್ಲ, ಅಷ್ಟೇ ವ್ಯತ್ಯಾಸ."

ಅಮಲ್ದಾರರ ಬಾಯಿ ತುಂಬಾ ಸೂಪಿತ್ತು. ಗೆಳೆಯರೆದುರು ಉಗಿಯುವಂತಿಲ್ಲ. ನುಂಗಿದರು.

ಅಂದಿನಿಂದ ಆ ಮನೆಯ ಹಸುವಿಗೆ ಸೊಪ್ಪು ಸಿಗುವುದು ಯಜಮಾನರದ್ದು ಮುಗಿದ ಮೇಲೆ.