ಮೋನಪ್ಪನ ಪಾಳಿ

“ಗುರುಗಳೇ, ಒಬ್ಬನನ್ನು ನೋವಾಗದಂತೆ ಹೊರಗಿಡುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಮಠದಲ್ಲಿ ಪ್ರಸಾದ ಬಡಿಸುವವರ ಮೇಲ್ವಿಚಾರಣೆ ಅವನದು. ಬಡಿಸುವವರಲ್ಲಿ ಒಬ್ಬ ಹಿರಿಯನಿಗೆ ಕೈ ನಡುಗುತ್ತಿತ್ತು, ಸಾರು ಚೆಲ್ಲುತ್ತಿತ್ತು. ಗುರುಗಳು ಯಾರನ್ನು ಎಂದು ಕೇಳಲಿಲ್ಲ. ಒಂದು ಕತೆ ಹೇಳಿದರು:

ಒಬ್ಬ ಭೂಮಾಪಕನಿದ್ದ. ಹೊಲಗಳ ಗಡಿ ಅಳೆಯುವುದು ಅವನ ಕೆಲಸ, ಹಳೆಯ ರೋಮಿನ ಯುದ್ಧಗಳನ್ನು ಓದುವುದು ಅವನ ಹುಚ್ಚು. ಅದೇ ಹುಚ್ಚಿನ ನಾಲ್ವರು ಅವನಿಗೆ ಅಂತರ್ಜಾಲದಲ್ಲಿ ಸಿಕ್ಕರು. ಒಬ್ಬ ವಕೀಲ, ಒಬ್ಬ ಗ್ರಂಥಪಾಲಕ, ಆಸ್ಪತ್ರೆಯ ದಾದಿಯೊಬ್ಬಳು. ನಾಲ್ಕನೆಯವನು ಗದಗಿನ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು. ಅವನ ಹೆಸರು ಮೋನಪ್ಪ. ಐವರೂ ಬೇರೆ ಬೇರೆ ಊರಿನವರು. ಒಬ್ಬರನ್ನೊಬ್ಬರು ಕಂಡವರಲ್ಲ.

ಐವರೂ ಕೂಡಿ ಒಂದು ಆಟ ಕಟ್ಟಲು ಹೊರಟರು. ಅದು ಬರೆದು ಆಡುವ ಆಟ. ಒಬ್ಬೊಬ್ಬರೂ ಒಬ್ಬ ರೋಮನ್ ದಂಡನಾಯಕನಾಗಬೇಕು. ತನ್ನ ಪಾಳಿ ಬಂದಾಗ, ತನ್ನ ದಂಡನಾಯಕ ಏನು ಮಾಡಿದ, ಏನು ಹೇಳಿದ ಎಂದು ಬರೆದು ಕಳಿಸಬೇಕು. ಅಲ್ಲಿಂದ ಮುಂದಿನವರು ಎತ್ತಿಕೊಳ್ಳಬೇಕು. ಒಬ್ಬರು ಇನ್ನೊಬ್ಬರನ್ನು ಸೋಲಿಸುವಂತಿಲ್ಲ. ಶತ್ರುವಿನ ಕಾಡಿನಲ್ಲಿ ಸಿಕ್ಕಿಬಿದ್ದ ಸೈನ್ಯವನ್ನು ಐವರೂ ಸೇರಿ ನದಿ ದಾಟಿಸಬೇಕು. ದಾಟಿದರೆ ಎಲ್ಲರೂ ಗೆದ್ದಂತೆ.

ಭೂಮಾಪಕ ಆಟಕ್ಕೆ ನಕಾಶೆ ಬರೆದ. ಹಿಮ ಬಿದ್ದರೆ ಸೈನ್ಯ ದಿನಕ್ಕೆಷ್ಟು ಹರದಾರಿ ನಡೆದೀತು, ಹಸಿವಾದರೆ ಎಷ್ಟು ದಿನ ತಡೆದೀತು, ಎಲ್ಲಕ್ಕೂ ನಿಯಮ ಮಾಡಿದ. ಉಳಿದವರು ತಮ್ಮ ತಮ್ಮ ದಂಡನಾಯಕರನ್ನು ರೂಪಿಸತೊಡಗಿದರು.

ಮೋನಪ್ಪನಿಗೆ ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದ. ಅವನ ದಂಡನಾಯಕನ ಹೆಸರು ಕ್ವಿಂಟಸ್. ಕ್ವಿಂಟಸ್‌ನ ಕೈಕೆಳಗೆ ಎಂಬತ್ತು ಸೈನಿಕರು. ಮೋನಪ್ಪ ಎಂಬತ್ತು ಜನಕ್ಕೂ ಹೆಸರಿಟ್ಟ. ಒಬ್ಬನಿಗೆ ನಾಯಿ ಕಂಡರೆ ಭಯ, ಒಬ್ಬ ಉಪ್ಪಿಲ್ಲದೆ ಉಣ್ಣುವವನಲ್ಲ, ಒಬ್ಬ ತಾಯಿಗೆ ಹೇಳದೆ ಸೈನ್ಯ ಸೇರಿದವನು. ಹೀಗೆ ನಾಲ್ಕು ತಿಂಗಳು ಬರೆದ.

ಆಟವನ್ನು ಒಮ್ಮೆ ಆಡಿ ನೋಡಿದರು. ಉಳಿದವರು ಒಂದು ದಿನದಲ್ಲಿ ಪಾಳಿ ಮುಗಿಸಿದರೆ ಮೋನಪ್ಪನಿಗೆ ಒಂಬತ್ತು ದಿನ ಬೇಕಾಯಿತು. ಹೀಗಾದರೆ ಸೈನ್ಯ ಕಾಡು ಬಿಡುವುದರೊಳಗೆ ನಮ್ಮ ಆಯುಷ್ಯ ಮುಗಿದೀತು ಎಂದ ವಕೀಲ. ಮೋನಪ್ಪನನ್ನು ಬಿಟ್ಟು ನಾಲ್ವರೇ ಬೇರೆ ಗುಂಪು ಮಾಡಿಕೊಂಡು ಚರ್ಚಿಸಿದರು. ಭೂಮಾಪಕ ಒಂದು ಉಪಾಯ ಕಂಡುಹಿಡಿದ. ಆಟದ ಮೊದಲ ದಿನವೇ ಶತ್ರುಗಳು ಹೊಂಚು ಹಾಕಿ ಎರಗಲಿ. ಸೈನ್ಯವನ್ನು ಉಳಿಸಲು ಕ್ವಿಂಟಸ್ ಹಿಂದೆ ನಿಂತು ಹೋರಾಡಿ ಸಾಯಲಿ. ಅವನ ಸೈನಿಕರನ್ನು ಉಳಿದವರು ಹಂಚಿಕೊಳ್ಳಲಿ. ಮೋನಪ್ಪನಿಗೆ ಗೌರವವೂ ಉಳಿಯುತ್ತದೆ, ಆಟವೂ ಸಾಗುತ್ತದೆ.

ಅವರನ್ನೊಂದು ಮಾತು ಕೇಳೋಣವೇ ಎಂದಳು ದಾದಿ. ಕೇಳಿದರೆ ನೊಂದುಕೊಳ್ಳುತ್ತಾರೆ ಎಂದರು ಮೂವರೂ. ಅವಳು ಮತ್ತೆ ಕೇಳಲಿಲ್ಲ.

ಯೋಜನೆಯನ್ನು ಆಟದ ಕತೆಯೆಂಬಂತೆ ಮೋನಪ್ಪನಿಗೂ ಕಳಿಸಿದರು. ಎರಡು ದಿನ ಬಿಟ್ಟು ಅವನಿಂದ ಒಂದು ಸಾಲು ಬಂತು. “ಕ್ವಿಂಟಸ್‌ನ ಹೆಣ ಹೊರುವವರು ಯಾರು?”

ಭೂಮಾಪಕ ಅದನ್ನು ಯೋಚಿಸಿರಲಿಲ್ಲ. ಸೈನ್ಯ ನಿಲ್ಲುವಂತಿಲ್ಲ, ಹೆಣ ಹೊರಲು ನಿಯಮವಿಲ್ಲ ಎಂದು ಬರೆದ. ಮೋನಪ್ಪ ‘ಸರಿ’ ಎಂದಷ್ಟೇ ಬರೆದ.

ಆಟ ಶುರುವಾಯಿತು. ಚೆನ್ನಾಗಿಯೇ ನಡೆಯಿತು. ಅಂತರ್ಜಾಲದಲ್ಲಿ ಅದನ್ನು ಓದಲು ಬೇರೆ ಬೇರೆ ಊರುಗಳ ಜನ ಸೇರಿದರು. ಮೋನಪ್ಪನ ನೆನಪು ಯಾರಿಗೂ ಆಗಲಿಲ್ಲ.

ಎಂಟು ತಿಂಗಳು ಕಳೆದ ಮೇಲೆ ಭೂಮಾಪಕನಿಗೆ ಗದಗಿನಲ್ಲಿ ಕೆಲಸ ಬಿತ್ತು. ಮಧ್ಯಾಹ್ನ ಬಿಡುವಾದಾಗ ವಿಳಾಸ ಹುಡುಕಿಕೊಂಡು ಮೋನಪ್ಪನ ಮನೆಗೆ ಹೋದ. ಹೆಂಡತಿ ಬಾಗಿಲು ತೆರೆದಳು. ಇವನು ಯಾರೆಂದು ತಿಳಿದು ಅವಳ ಮುಖ ಅರಳಿತು. ಅವರು ಈಗಷ್ಟೇ ಮಲಗಿದ್ದಾರೆ, ಎಬ್ಬಿಸುತ್ತೇನೆ ಎಂದಳು. ಬೇಡ, ಮಲಗಿರಲಿ ಎಂದು ಅವನು ತಡೆದ.

ಅವಳು ಒಂದು ನೋಟುಪುಸ್ತಕ ತಂದು ಅವನ ಕೈಗಿಟ್ಟಳು. ಆಟದಲ್ಲಿ ನಾಲ್ವರೂ ಬರೆದದ್ದೆಲ್ಲ ಅದರಲ್ಲಿತ್ತು. ಸೊಟ್ಟ ಸೊಟ್ಟ ಅಕ್ಷರ, ಎಡಗೈಯಲ್ಲಿ ಬರೆದದ್ದು. ಎಲ್ಲರ ಕಾಗುಣಿತದ ತಪ್ಪುಗಳನ್ನೂ ಮೋನಪ್ಪ ಕೆಂಪು ಶಾಯಿಯಲ್ಲಿ ತಿದ್ದಿದ್ದ. ಕೊನೆಯ ಪುಟಗಳಲ್ಲಿ ಎಂಬತ್ತು ಹೆಸರುಗಳಿದ್ದವು. ಒಮ್ಮೆ ವಕೀಲ ತನ್ನ ಪಾಳಿಯಲ್ಲಿ, ಹೊಳೆಯ ಬಳಿ ಕ್ವಿಂಟಸ್‌ನ ಸೈನಿಕರಲ್ಲಿ ಇಪ್ಪತ್ತು ಮಂದಿ ಸತ್ತರು ಎಂದು ಬರೆದು ಮುಂದೆ ಹೋಗಿದ್ದ. ಮೋನಪ್ಪ ಇಪ್ಪತ್ತು ಹೆಸರುಗಳ ಮೇಲೆ ಒಂದೊಂದಾಗಿ ಗೆರೆ ಎಳೆದಿದ್ದ. ಒಂದು ಹೆಸರಿನ ಮೇಲೆ ಎಳೆದ ಗೆರೆಯನ್ನು ಅಳಿಸಿ, ಮತ್ತೆ ಎಳೆದಿದ್ದ.

“ದಿನಾ ಬೆಳಿಗ್ಗೆ ಇದನ್ನೇ ಹಿಡಿದು ಕೂರುತ್ತಾರೆ,” ಎಂದಳು ಹೆಂಡತಿ. “ಅವರ ಪಾಳಿ ಇನ್ನೂ ಬಂದಿಲ್ಲವಂತೆ. ಯಾವಾಗ ಬರುತ್ತದೆ?”

“ಬರುತ್ತದೆ, ತಾಯಿ,” ಎಂದು ಹೇಳಿ ಭೂಮಾಪಕ ಎದ್ದ.

ಊರು ಸೇರಿದವನೇ ಉಳಿದ ಮೂವರಿಗೂ ಬರೆದ. ಕ್ವಿಂಟಸ್ ಸತ್ತಿರಲಿಲ್ಲ, ಕುರಿ ಕಾಯುವವನೊಬ್ಬ ಅವನನ್ನು ಗುಡಿಸಲಿಗೆ ಒಯ್ದು ಉಳಿಸಿದ್ದ ಎಂದು ಆಟವನ್ನು ಬದಲಿಸೋಣ ಎಂದ. ಯಾರೂ ಎದುರಾಡಲಿಲ್ಲ. ವಕೀಲನೂ ಒಪ್ಪಿದ. ನಿಮ್ಮ ಪಾಳಿ ಬಂದಿದೆ ಎಂದು ಮೋನಪ್ಪನಿಗೆ ತಿಳಿಸಿದರು.

ಒಂದು ವಾರವಾದ ಮೇಲೆ ಉತ್ತರ ಬಂತು. ಸತ್ತವನು ಎದ್ದು ಬಂದರೆ ಓದುವವರು ನಂಬುವುದಿಲ್ಲ, ಆಟ ಕೆಡುತ್ತದೆ, ಬೇಡ ಎಂದು ಬರೆದಿದ್ದ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಆಷಾಢದಲ್ಲಿ ಅವನಿಗೆ ಮತ್ತೆ ಲಕ್ವ ಹೊಡೆಯಿತು. ತೀರಿಕೊಂಡ ಸುದ್ದಿ ನಾಲ್ವರಿಗೂ ತಲುಪುವಾಗ ಹನ್ನೊಂದು ದಿನ ಕಳೆದಿತ್ತು. ಆಮೇಲೆ ತಮ್ಮ ಪಾಳಿ ಬಂದರೂ ಯಾರಿಗೂ ಬರೆಯಲು ಕೈ ಬರಲಿಲ್ಲ. ಸೈನ್ಯ ಇನ್ನೂ ಕಾಡಿನಲ್ಲೇ ಇದೆ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಭೂಮಾಪಕ ಕೆಟ್ಟವನಲ್ಲ. ಮೊದಲೇ ನೇರವಾಗಿ ಹೇಳಬಹುದಿತ್ತಲ್ಲ, ಏಕೆ ಹೇಳಲಿಲ್ಲ?”

ಗುರುಗಳು ಹೇಳಿದರು: “ಹೇಳಿದ್ದರೆ, ಮೋನಪ್ಪ ಹೇಳುವುದನ್ನೂ ಕೇಳಬೇಕಾಗುತ್ತಿತ್ತು.”